ಅಕ್ರಮ ವಲಸೆ ಕುರಿತ ಚರ್ಚಾಸ್ಪರ್ಧೆಗೆ ತಯಾರಾಗುವುದು ಹೇಗೆ?

‘ಅಕ್ರಮ ವಲಸಿಗರನ್ನೆಲ್ಲ ದೇಶದಿಂದ ಹೊರಹಾಕಬೇಕು’ ಎಂಬ ವಿಷಯ ಕೊಟ್ಟರೆ ಪರ ನಿಂತವರು ಭದ್ರತೆ ಎನ್ನುತ್ತಾರೆ, ವಿರೋಧ ನಿಂತವರು ಮಾನವೀಯತೆ ಎನ್ನುತ್ತಾರೆ. ಎರಡು ಬಸ್ಸು ಬೇರೆ ಬೇರೆ ರಸ್ತೆ ಹಿಡಿದ ಹಾಗೆ, ಎಲ್ಲೂ ಮುಖಾಮುಖಿಯೇ ಆಗುವುದಿಲ್ಲ. ತೀರ್ಪುಗಾರರು ಅಂಕ ಕೊಡುವುದು ಮುಖಾಮುಖಿಗೆ.

ಯಾರ ಬಗ್ಗೆ ಮಾತು ಎಂಬುದನ್ನು ಮೊದಲ ಅರ್ಧ ನಿಮಿಷದಲ್ಲೇ ಹೇಳಿಬಿಡಿ. 1955ರ ಪೌರತ್ವ ಕಾಯ್ದೆಯ ಪ್ರಕಾರ ಸರಿಯಾದ ಪಾಸ್‌ಪೋರ್ಟ್ ಇಲ್ಲದೆ ಒಳಬಂದ ವಿದೇಶಿಯೂ ಅಕ್ರಮ ವಲಸಿಗ, ವೀಸಾ ಹಿಡಿದೇ ಬಂದು ಅವಧಿ ಮುಗಿದ ಮೇಲೆ ಉಳಿದುಕೊಂಡವನೂ ಅಕ್ರಮ ವಲಸಿಗ. ವಿಮಾನ ಇಳಿದು ಬಂದವನನ್ನು ಯಾವ ಬೇಲಿಯೂ ತಡೆಯುವುದಿಲ್ಲ. ಬೈಲಕುಪ್ಪೆಯ ಟಿಬೆಟಿಯನ್ನರನ್ನು ಈ ಗುಂಪಿಗೆ ಎಳೆಯಬೇಡಿ; ಅವರಿಗೆ ಸರ್ಕಾರವೇ ಜಮೀನು ಕೊಟ್ಟು ನೆಲೆ ಕಲ್ಪಿಸಿದೆ.

ನಿರಾಶ್ರಿತರ ಪರ ಮಾತನಾಡುವವರು ಎಡವುವ ಜಾಗ ಒಂದಿದೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ‘ಒಪ್ಪಂದ ಮುರಿದಂತಾಯಿತು’ ಎಂದರೆ ಎದುರಿನವರ ಒಂದೇ ಪ್ರಶ್ನೆಗೆ ವಾದ ಬಿದ್ದುಹೋಗುತ್ತದೆ. ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿ ‘ನಾಗರಿಕ’ ಎನ್ನದೆ ‘ವ್ಯಕ್ತಿ’ ಎನ್ನುತ್ತದೆ. ಅಲ್ಲಿಂದ ಶುರು ಮಾಡಿ.

ಇನ್ನು ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಪತ್ತೆ, ವಿಚಾರಣೆ, ಬಂಧನ, ವಾಪಸಾತಿ. ಪ್ರತಿಯೊಂದರ ಕೆಳಗೆ, ತಪ್ಪಾದರೆ ಪೆಟ್ಟು ಯಾರಿಗೆ ಎಂದು ಬರೆಯಿರಿ.

ಪತ್ತೆಗೆ ಅಸ್ಸಾಮಿಗಿಂತ ಒಳ್ಳೆಯ ಉದಾಹರಣೆ ಸಿಗದು. 2019ರ ಆಗಸ್ಟ್ 31ರಂದು ಬಂದ ಎನ್‌ಆರ್‌ಸಿ (ರಾಷ್ಟ್ರೀಯ ಪೌರತ್ವ ನೋಂದಣಿ) ಪಟ್ಟಿಯಲ್ಲಿ 3,11,21,004 ಜನ ಸೇರಿದರು, 19,06,657 ಜನ ಹೊರಗುಳಿದರು. ಹೊರಗುಳಿದವರೆಲ್ಲ ವಿದೇಶಿಯರು ಎಂದು ಹೇಳಿದರೆ ಅಂಕ ಹೋಯಿತೆಂದೇ ಲೆಕ್ಕ. ಅವರಿಗೆ ವಿದೇಶಿಯರ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸುವ ಅವಕಾಶವಿತ್ತು. ಅಲ್ಲಿ ತೋರಿಸಬೇಕಿದ್ದದ್ದು 1971ರ ಮಾರ್ಚ್ 24ರ ಮಧ್ಯರಾತ್ರಿಗೆ ಮುಂಚಿನ ದಾಖಲೆ, ಜೊತೆಗೆ ಆ ದಾಖಲೆಯಲ್ಲಿರುವವರ ಸಂತಾನ ತಾನು ಎಂಬ ಪುರಾವೆ. ಶಾಲೆಯ ಮುಖ ನೋಡದೆ ಚಿಕ್ಕ ವಯಸ್ಸಿಗೇ ಮದುವೆಯಾಗಿ ಬೇರೆ ಊರು ಸೇರಿದ ಹೆಣ್ಣಿನ ಬಳಿ ತಂದೆಯ ಹೆಸರಿಗೆ ತನ್ನನ್ನು ಜೋಡಿಸುವ ಕಾಗದ ಪಂಚಾಯಿತಿ ಕಾರ್ಯದರ್ಶಿ ಕೊಟ್ಟ ಪ್ರಮಾಣಪತ್ರ ಒಂದೇ. ಅದು ನಡೆಯುತ್ತದೋ ಇಲ್ಲವೋ ಎಂಬುದೇ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಪರಿಶೀಲಿಸಿ ಒಪ್ಪಬಹುದು ಎಂದು 2017ರಲ್ಲಿ ಕೋರ್ಟ್ ಹೇಳಿತು. ವಿರೋಧ ನಿಂತವರಿಗೆ ಇದೊಂದು ಕಾಗದ ಹತ್ತು ಭಾವುಕ ವಾಕ್ಯಗಳಿಗೆ ಸಮ.

ಪರ ಪಕ್ಷದ ಗಟ್ಟಿ ಎಲೆ 2005ರ ಸರ್ಬಾನಂದ ಸೋನೋವಾಲ್ ತೀರ್ಪು. ವಿದೇಶಿ ಎಂದು ಸಾಬೀತು ಮಾಡುವ ಹೊಣೆಯನ್ನು ಆರೋಪಿಸಿದವರ ಮೇಲೆ ಹೊರಿಸಿದ್ದ, ಅಸ್ಸಾಮಿನಲ್ಲಿ ಜಾರಿಯಲ್ಲಿದ್ದ 1983ರ ಕಾಯ್ದೆಯನ್ನು ಸುಪ್ರೀಂ ಕೋರ್ಟ್ ಅದರಲ್ಲಿ ರದ್ದು ಮಾಡಿತು. ದೊಡ್ಡ ಪ್ರಮಾಣದ ಅಕ್ರಮ ವಲಸೆಯನ್ನು, ರಾಜ್ಯಗಳನ್ನು ಕಾಪಾಡುವ ಹೊಣೆ ಕೇಂದ್ರದ್ದು ಎನ್ನುವ ಸಂವಿಧಾನದ 355ನೇ ವಿಧಿಯ ‘ಬಾಹ್ಯ ಆಕ್ರಮಣ’ಕ್ಕೆ ಜೋಡಿಸಿತು. ತಾನು ವಿದೇಶಿಯಲ್ಲ ಎಂದು ತೋರಿಸುವ ಹೊಣೆ ಆ ವ್ಯಕ್ತಿಯದೇ ಎಂಬ ನಿಯಮ 1946ರ ವಿದೇಶಿಯರ ಕಾಯ್ದೆಯಲ್ಲಿತ್ತು, ಅದರ ಜಾಗಕ್ಕೆ ಬಂದ 2025ರ ಕಾಯ್ದೆಯಲ್ಲೂ ಇದೆ. ಹಳೆಯ ಟಿಪ್ಪಣಿ ಇಟ್ಟುಕೊಂಡವರು ಇದನ್ನು ತಿದ್ದಿಕೊಳ್ಳಿ.

ಬಂಧನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅದರ ಗತಿ ವಾಪಸಾತಿಯ ಮೇಲೆ ನಿಂತಿದೆ. ನಾವು ‘ಹೋಗು’ ಎಂದರೆ ಸಾಲದು, ಇನ್ನೊಂದು ದೇಶ ‘ಇವನು ನಮ್ಮವನು’ ಎನ್ನಬೇಕು. ಹೆಸರು, ಊರು, ಅಪ್ಪನ ಹೆಸರು ಅಲ್ಲಿ ತಾಳೆಯಾಗದಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ, ಮನುಷ್ಯ ಬಂಧನ ಕೇಂದ್ರದಲ್ಲೇ ಉಳಿಯುತ್ತಾನೆ. ಪರ ಪಕ್ಷದವರು ಈ ಪ್ರಶ್ನೆಗೆ ಉತ್ತರವಿಲ್ಲದೆ ವೇದಿಕೆ ಹತ್ತಬಾರದು.

ಅಂಕಿಸಂಖ್ಯೆಯಲ್ಲಿ ಎಚ್ಚರ. ಬಾಂಗ್ಲಾದೇಶದಿಂದ ಬಂದ ಅಕ್ರಮ ವಲಸಿಗರು ಸುಮಾರು 2 ಕೋಟಿ ಎಂದು 2016ರಲ್ಲಿ ರಾಜ್ಯಸಭೆಯಲ್ಲಿ ಸರ್ಕಾರ ಹೇಳಿದ್ದು ಅಂದಾಜು, ತಲೆ ಎಣಿಸಿದ್ದಲ್ಲ. ಅಂದಾಜು ಎಂದೇ ಹೇಳಿ. ಭಾರತ–ಬಾಂಗ್ಲಾದೇಶ ಗಡಿಯ ಉದ್ದ 4,096 ಕಿ.ಮೀ. ಎಂಬುದನ್ನು ಮಾತ್ರ ಧೈರ್ಯವಾಗಿ ಹೇಳಬಹುದು. ಅದರಲ್ಲಿ ನದಿಯೂ ಇದೆ, ಹರಿಯುವ ನೀರಿನ ಮೇಲೆ ಬೇಲಿ ನಿಲ್ಲದು.

ಐದು ನಿಮಿಷದ ಮಾತಾದರೆ 450 ಪದ ಸಾಕು. ವ್ಯಾಖ್ಯೆಗೆ ಅರ್ಧ ನಿಮಿಷ, ಎರಡೇ ಕಾಲಂಗಳಿಗೆ ಮೂರು ನಿಮಿಷ, ಉಳಿದದ್ದು ಖಂಡನೆಗೆ. ನಾಲ್ಕೂ ಕಾಲಂ ತುಂಬಿಸಲು ಹೋದವರ ಗಂಟೆ ಮೂರನೆಯದರ ನಡುವೆಯೇ ಬಾರಿಸುತ್ತದೆ. ಹಿಂದಿನ ದಿನ ಗೆಳೆಯನನ್ನು ಎದುರು ಕೂರಿಸಿಕೊಂಡು ಪಕ್ಷ ಅದಲುಬದಲು ಮಾಡಿ ಒಮ್ಮೆ ಮಾತಾಡಿ. ನೀವು ತಡವರಿಸಿದ ಜಾಗವನ್ನು ಚೀಟಿಯ ಮೊದಲ ಸಾಲಿನಲ್ಲಿ ಬರೆದುಕೊಳ್ಳಿ.