ಮೊದಲು ಮೀಟರಿನ ಕೆಂಪು ದೀಪ ಎಣಿಸಿ, ಆಮೇಲೆ ಅಂಗಡಿಗೆ ಹೋಗಿ

ಕರೆಂಟು ಬಿಲ್ಲು ಏರಿದ ಕೂಡಲೇ ನಮ್ಮ ಮನೆಗಳಲ್ಲಿ ಮೊದಲು ಬೈಸಿಕೊಳ್ಳುವುದು ಮಕ್ಕಳ ಕೋಣೆಯ ಫ್ಯಾನು, ಎರಡನೆಯದು ಸಂಪಿನ ಮೋಟಾರು. ವಾರ ಕಳೆಯುವಷ್ಟರಲ್ಲಿ ಯಜಮಾನರು ಐದು ನಕ್ಷತ್ರದ ಹೊಸ ಫ್ರಿಜ್ಜಿಗೆ ಮೊದಲ ಕಂತು ಕಟ್ಟಿ ಬಂದಿರುತ್ತಾರೆ. ಮುಂದಿನ ತಿಂಗಳ ಬಿಲ್ಲು ಮತ್ತೆ ಅಷ್ಟೇ. ನಮ್ಮ ಬಂಧುಬಳಗದಲ್ಲೇ ಇದನ್ನು ನಾಲ್ಕು ಸಲ ನೋಡಿದ್ದೇನೆ.

2023ರಲ್ಲಿ ಗೃಹಜ್ಯೋತಿ ಬಂದ ಮೇಲಂತೂ 200 ಯೂನಿಟ್‌ನ ಗಡಿಯಲ್ಲಿರುವವರ ಪಾಡು ಬಿಗಿಯಾಗಿದೆ. ಅಂಥವರಿಗೆ 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ಉಚಿತ. ಅದನ್ನು ಮೀರಿದರೆ ಹೆಚ್ಚಿನ ಯೂನಿಟ್‌ಗಳಿಗೆ ಹಣ ಕಟ್ಟಬೇಕು, 200 ಯೂನಿಟ್ ದಾಟಿತೋ ಪೂರ್ತಿ ಬಿಲ್ಲು. ಹಾಗಾಗಿ ತಿಂಗಳಿಗೆ 195 ಉರಿಸುವವರಿಗೂ 205 ಉರಿಸುವವರಿಗೂ ನಡುವೆ ಇರುವುದು ಬರೀ ಹತ್ತು ಯೂನಿಟ್ ಅಲ್ಲ.

ಏನನ್ನೂ ಕೊಳ್ಳುವ ಮೊದಲು, ಕರೆಂಟನ್ನು ಯಾವುದು ತಿನ್ನುತ್ತಿದೆ ಎಂದು ತಿಳಿಯಲು, ಒಂದು ಭಾನುವಾರದ ಬೆಳಿಗ್ಗೆ ಮೀಟರಿನ ಮುಂದೆ ಒಂದು ಗಂಟೆ ನಿಂತುಕೊಳ್ಳಿ. ಬೇಕಾಗುವುದು ಸೆಕೆಂಡು ಎಣಿಸಲು ಮೊಬೈಲು, ಒಂದು ಪೆನ್ಸಿಲ್ಲು, ಒಳಗೆ ಓಡಾಡಿ ಸ್ವಿಚ್ ಆರಿಸಲು ಇನ್ನೊಬ್ಬರು. ಮೀಟರಿನ ಸೀಲು ಮುಟ್ಟುವ ಅಗತ್ಯ ಎಲ್ಲಿಯೂ ಇಲ್ಲ.

1. ಮೀಟರಿನ ಸಂಖ್ಯೆ ಹುಡುಕಿ

ಮೀಟರಿನ ಮುಖದ ಮೇಲೆ ಒಂದು ಯೂನಿಟ್‌ಗೆ ಕೆಂಪು ದೀಪ ಎಷ್ಟು ಸಲ ಮಿನುಗುತ್ತದೆ ಎಂದು ಅಚ್ಚಾಗಿರುತ್ತದೆ: 3200 ಇರಬಹುದು, 1600 ಇರಬಹುದು. 36,00,000ವನ್ನು ಆ ಸಂಖ್ಯೆಯಿಂದ ಭಾಗಿಸಿ. 3200 ಇದ್ದರೆ ಉತ್ತರ 1125. ಒಂದು ಮಿನುಗಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡು ಹಿಡಿಯಿತೋ ಅದರಿಂದ 1125ನ್ನು ಭಾಗಿಸಿದರೆ ಆ ಗಳಿಗೆಯಲ್ಲಿ ಮನೆ ಎಳೆಯುತ್ತಿರುವ ವಾಟ್ ಸಿಗುತ್ತದೆ. ಹತ್ತು ಸೆಕೆಂಡಿಗೊಮ್ಮೆ ಮಿನುಗಿದರೆ ಸುಮಾರು 112 ವಾಟ್. ಲೆಕ್ಕ ಇಷ್ಟೇ. ಪಕ್ಕದಲ್ಲಿ ಬೇರೆ ದೀಪಗಳೂ ಇರುತ್ತವೆ, ಅವನ್ನು ಎಣಿಸಬೇಡಿ.

2. ಮನೆಯನ್ನು ಮಲಗಿಸಿ (ಎಲ್ಲರೂ ಎಡವುವುದು ಇಲ್ಲಿಯೇ)

ಬಹಳ ಮಂದಿ ಮಾಡುವುದೇನೆಂದರೆ, ಮೇನ್ ಸ್ವಿಚ್ ಇಳಿಸಿ, ದೀಪ ನಿಂತಿತೆಂದು ಖುಷಿಪಟ್ಟು, ಮತ್ತೆ ಏರಿಸಿ ಎಣಿಸಲು ಶುರುಮಾಡುತ್ತಾರೆ. ಕೆಲಸ ಕೆಟ್ಟಿತು. ಮೇನ್ ಇಳಿದಾಗ ಯುಪಿಎಸ್ ಬ್ಯಾಟರಿಯಿಂದ ಮನೆ ನಡೆಸಿರುತ್ತದೆ. ಕರೆಂಟು ಮರಳಿದೊಡನೆ ಖಾಲಿಯಾದಷ್ಟನ್ನು ತುಂಬಿಕೊಳ್ಳಲು ಗಬಗಬನೆ ಎಳೆಯತೊಡಗುತ್ತದೆ. ಆಗ ಎಣಿಸಿದ ಅಂಕಿ ಮನೆಯದಲ್ಲ, ಬ್ಯಾಟರಿಯ ಹಸಿವಿನದು. ಆದ್ದರಿಂದ ಮೇನ್ ಮುಟ್ಟಬೇಡಿ. ಕರೆಂಟು ಹೋಗಿ ಬಂದ ದಿನವಂತೂ ಈ ಕೆಲಸಕ್ಕೆ ಕೈಹಾಕಲೇಬೇಡಿ. ಮಾರನೆಯ ದಿನ ನೋಡಿಕೊಳ್ಳೋಣ.

ಕೋಣೆಯಿಂದ ಕೋಣೆಗೆ ಹೋಗಿ ಒಂದೊಂದೇ ಸ್ವಿಚ್ ಆರಿಸಿ. ರಿಮೋಟಿನಿಂದ ಟಿವಿ ಆರಿಸಿದರೆ ಆರಿಸಿದಂತಲ್ಲ, ಸೆಟ್‌ಟಾಪ್ ಬಾಕ್ಸ್ ಎಚ್ಚರವಾಗಿಯೇ ಇರುತ್ತದೆ; ಗೋಡೆಯ ಸ್ವಿಚ್ಚನ್ನೇ ಆರಿಸಬೇಕು. ವೈಫೈ ಪೆಟ್ಟಿಗೆ, ನೀರು ಶುದ್ಧ ಮಾಡುವ ಯಂತ್ರ, ಅಟ್ಟದ ಮೇಲಿರುವ ಆಂಟೆನಾ ಬೂಸ್ಟರ್, ಗೇಟಿನ ದೀಪ ಯಾವುದನ್ನೂ ಬಿಡಬೇಡಿ. ಫ್ರಿಜ್ಜನ್ನೂ ಆರಿಸಿ, ಅರ್ಧ ಗಂಟೆಯಲ್ಲಿ ಹಾಲೇನೂ ಒಡೆಯುವುದಿಲ್ಲ. ಯುಪಿಎಸ್ಸನ್ನು ಮಾತ್ರ ಹಾಗೆಯೇ ಬಿಡಿ.

ಈಗ ಕೆಂಪು ದೀಪ ನೋಡಿ. ಒಂದೇ ಮಿನುಗನ್ನು ನಂಬಬೇಡಿ, ಒಂದು ಮಿನುಗಿಗೆ ಸಮಯ ಶುರುಮಾಡಿ, ಅದರ ನಂತರದ ಹತ್ತು ಎಣಿಸಿ, ಒಟ್ಟು ಸಮಯವನ್ನು ಹತ್ತರಿಂದ ಭಾಗಿಸಿ. 3200ರ ಮೀಟರಿನಲ್ಲಿ ನಿಮಿಷಕ್ಕೊಂದು ಮಿನುಗಿದರೆ ಸುಮಾರು 19 ವಾಟ್, ಯುಪಿಎಸ್ ಆರೋಗ್ಯವಾಗಿದೆ ಎಂದರ್ಥ. ನಮ್ಮ ಅಕ್ಕನ ಮನೆಯಲ್ಲಿ ಎಲ್ಲ ಆರಿಸಿದ ಮೇಲೂ ಹದಿನೈದು ಸೆಕೆಂಡಿಗೊಮ್ಮೆ ಮಿನುಗುತ್ತಿತ್ತು. ಅಂದರೆ 75 ವಾಟ್, ಹಗಲೂ ರಾತ್ರಿ. ತಿಂಗಳಿಗೆ 54 ಯೂನಿಟ್. ಮಾಳಿಗೆ ಮೆಟ್ಟಿಲ ಕೆಳಗಿದ್ದ ಬ್ಯಾಟರಿಯ ಹಿಂಬದಿಯನ್ನು ಮುಟ್ಟಿದರೆ ಜ್ವರ ಬಂದ ಮಗುವಿನ ಹಣೆಯಷ್ಟು ಬೆಚ್ಚಗಿತ್ತು. ಎಂಟು ವರ್ಷದ ಬ್ಯಾಟರಿ, ಒಂದು ಸೆಲ್ ಸತ್ತಿತ್ತು. ತುಂಬುವ ಯೋಗ್ಯತೆ ಇಲ್ಲದ್ದನ್ನು ಯುಪಿಎಸ್ ತುಂಬುತ್ತಲೇ ಇತ್ತು. ಅದಕ್ಕೆ ಎರಡು ತಿಂಗಳು ಮೊದಲು ಅವರು ಹೊಸ ಫ್ರಿಜ್ ತಂದಿದ್ದರು. (ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಅಡುಗೆಮನೆಯ ಫಿಲ್ಟರ್ ನೀರು ಹಾಕುವವರಿದ್ದಾರೆ. ಬ್ಯಾಟರಿ ಬೇಗ ಸಾಯುವುದಕ್ಕೆ ಅದೂ ಒಂದು ದಾರಿ.)

ಕೊನೆಗೆ ಯುಪಿಎಸ್ಸಿನ ಸ್ವಿಚ್ಚನ್ನೂ ಆರಿಸಿ, ಮನೆಯೊಳಗಿನ ಎಂಸಿಬಿಗಳನ್ನೆಲ್ಲ (ಫ್ಯೂಸಿನ ಬದಲಿಗಿರುವ ಟ್ರಿಪ್ ಸ್ವಿಚ್ಚುಗಳು) ಇಳಿಸಿ. ಆಗಲೂ ಮಿನುಗು ನಿಲ್ಲದಿದ್ದರೆ ನಿಮ್ಮ ಮೀಟರಿನಿಂದ ಬೇರೇನೋ ಓಡುತ್ತಿದೆ, ಇಲ್ಲವೇ ವೈರು ಎಲ್ಲೋ ಸೋರುತ್ತಿದೆ. ಬಾಡಿಗೆ ಮನೆಗಳಲ್ಲಿ ಮೆಟ್ಟಿಲ ದೀಪ, ಕೆಲವೊಮ್ಮೆ ಇಡೀ ಕಟ್ಟಡದ ಮೋಟಾರು ಒಬ್ಬ ಬಾಡಿಗೆದಾರನ ಮೀಟರಿಗೆ ಅಂಟಿಕೊಂಡಿರುವುದುಂಟು. ಮಾಲೀಕರೊಡನೆ ಜಗಳಕ್ಕಿಳಿಯುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಖಚಿತಪಡಿಸಿಕೊಳ್ಳಿ. ಕೆಲವು ಮೀಟರುಗಳಲ್ಲಿ ಬಳಕೆಯೇ ಇಲ್ಲದಾಗ ದೀಪ ಆರದೆ ಉರಿದೇ ಇರುತ್ತದೆ. ಅದು ಮಿನುಗಲ್ಲ, ಹೆದರಬೇಡಿ.

3. ಒಂದೊಂದನ್ನೇ ಎಬ್ಬಿಸಿ

ಒಂದು ಉಪಕರಣ ಹಾಕಿ, ಎಣಿಸಿ, ಬರೆದುಕೊಳ್ಳಿ, ಆರಿಸಿ. ಗೀಸರ್ ಹಾಕಿದಾಗ ಮಿನುಗು ಕಣ್ಣಿಗೆ ಸಿಗದಷ್ಟು ಬೇಗ ಬರುತ್ತದೆ, ವಿಡಿಯೊ ಮಾಡಿಕೊಂಡು ನಿಧಾನವಾಗಿ ನೋಡಿ. ವಾಟ್ ದೊಡ್ಡದೆಂದು ಕಳ್ಳನೂ ಅದೇ ಎಂದುಕೊಳ್ಳಬಾರದು. ಒಂದು ಕಿಲೊವಾಟ್ ಎಳೆಯುವ ಮೋಟಾರು ದಿನಕ್ಕೆ ಅರ್ಧ ಗಂಟೆ ಓಡಿದರೆ ತಿಂಗಳಿಗೆ 15 ಯೂನಿಟ್. ಹನ್ನೆರಡು ಗಂಟೆ ತಿರುಗುವ 75 ವಾಟ್‌ನ ಎರಡು ಹಳೆಯ ಫ್ಯಾನುಗಳು 54 ಯೂನಿಟ್ ತಿನ್ನುತ್ತವೆ. ಟ್ಯಾಂಕಿಗೆ ತೇಲುವ ಸ್ವಿಚ್ ಹಾಕಿಸಿ, ಬೇಡವೆನ್ನುವುದಿಲ್ಲ. ಆದರೆ ಅದು ಉಳಿಸುವುದು ಮುಖ್ಯವಾಗಿ ನೀರನ್ನು.

ಫ್ರಿಜ್ಜನ್ನು ಹೀಗೆ ಅಳೆಯಲಾಗದು, ಅದರ ಕಂಪ್ರೆಸರ್ ಓಡುತ್ತದೆ, ನಿಲ್ಲುತ್ತದೆ. ಊರಿಗೆ ಹೋಗುವಾಗ ಅದನ್ನೂ ಯುಪಿಎಸ್ಸನ್ನೂ ಮಾತ್ರ ಚಾಲೂ ಇಟ್ಟು ಹೋಗಿ, ಹೊರಡುವಾಗಲೂ ಮರಳಿದಾಗಲೂ ಮೀಟರಿನ ಓದು ಬರೆದಿಟ್ಟುಕೊಳ್ಳಿ. ಎರಡರ ವ್ಯತ್ಯಾಸದಿಂದ ಯುಪಿಎಸ್ಸಿನ ಪಾಲು ಕಳೆದು, ಉಳಿದದ್ದನ್ನು ದಿನಗಳಿಂದ ಭಾಗಿಸಿ. ನಕ್ಷತ್ರದ ಲೇಬಲ್ಲಿನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದಿರುತ್ತದೆ. ಅದನ್ನು 365ರಿಂದ ಭಾಗಿಸಿ ಹೋಲಿಸಿ. ಎರಡು ಪಟ್ಟು ಬಂದರೆ ಹೊಸದಕ್ಕೆ ಓಡುವ ಮುಂಚೆ ಬಾಗಿಲಿನ ರಬ್ಬರ್ ನೋಡಿ. ಹತ್ತು ರೂಪಾಯಿ ನೋಟನ್ನು ನಡುವೆ ಇಟ್ಟು ಬಾಗಿಲು ಹಾಕಿ ಎಳೆಯಿರಿ, ನಾಲ್ಕೂ ಕಡೆ. ಜಾರಿ ಬಂದ ಜಾಗದಿಂದ ತಂಪು ಸೋರುತ್ತಿದೆ. ಉಕ್ಕಿ ಹರಿದು ಒಣಗಿದ ದೋಸೆಹಿಟ್ಟೇ ಎಷ್ಟೋ ಸಲ ಕಾರಣವಾಗಿರುತ್ತದೆ. ಸೋಪಿನ ಬಿಸಿನೀರಿನಲ್ಲಿ ಒರೆಸಿದರೆ ಸಾಕು.

4. ಈಗ ಅಂಗಡಿ

ಬಲ್ಬುಗಳೆಲ್ಲ ಎಲ್‌ಇಡಿ ಆಗಲಿ, ಅದರಲ್ಲಿ ಹೇಳುವುದೇನೂ ಇಲ್ಲ. ಗೀಸರಿನ ಥರ್ಮೋಸ್ಟಾಟ್ 50 ಡಿಗ್ರಿಯ ಆಸುಪಾಸಿಗೆ ಇಳಿಸಿ. ಹತ್ತು ಗಂಟೆಗಿಂತ ಹೆಚ್ಚು ತಿರುಗುವ ಫ್ಯಾನುಗಳನ್ನು ಮಾತ್ರ 30 ವಾಟ್ ಆಸುಪಾಸಿನ ಬಿಎಲ್‌ಡಿಸಿಗೆ (ಕಡಿಮೆ ಕರೆಂಟಿನ ಹೊಸ ಬಗೆಯ ಮೋಟಾರಿನ ಫ್ಯಾನು) ಬದಲಿಸಿ. ಅತಿಥಿಗಳ ಕೋಣೆಯದನ್ನು ಬದಲಿಸುವುದು ದಂಡ. ಹೊಸ ಫ್ಯಾನನ್ನು ಹಳೆಯ ರೆಗ್ಯುಲೇಟರಿನ ಮೂಲಕ ಕೊಡಲೇಬೇಡಿ, ಅದನ್ನು ಕಳಚಿ ನೇರ ಸಂಪರ್ಕ ಕೊಡಿಸಿ. ಎಲೆಕ್ಟ್ರಿಷಿಯನ್ "ಇರಲಿ ಬಿಡಿ ಸಾರ್" ಎಂದರೂ ಒಪ್ಪಬೇಡಿ. ನಕ್ಷತ್ರ ಎಣಿಸುವಾಗ ಲೇಬಲ್ಲಿನ ಅವಧಿಯನ್ನೂ ನೋಡಿ: ಮಾನದಂಡ ಆಗಾಗ ಬಿಗಿಯಾಗುತ್ತದೆ, ಹಳೆಯ ಐದು ನಕ್ಷತ್ರ ಇಂದಿನ ಐದಲ್ಲ.

ಇನ್ನು ಪ್ಲಗ್ಗಿಗೆ ಚುಚ್ಚಿದರೆ ಬಿಲ್ಲು ಶೇ 40 ಇಳಿಯುತ್ತದೆ ಎಂದು ಮಾರುವ ಹಸಿರು ದೀಪದ ಪುಟ್ಟ ಪೆಟ್ಟಿಗೆ. ನಾನು ಒಂದನ್ನು ಬಿಚ್ಚಿ ನೋಡಿದ್ದೇನೆ, ಒಂದು ಕೆಪ್ಯಾಸಿಟರ್, ಒಂದು ದೀಪ. ಕೆಪ್ಯಾಸಿಟರ್ ಸರಿಪಡಿಸಬಹುದಾದ ಪವರ್ ಫ್ಯಾಕ್ಟರ್‌ಗೆ (ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ನಿಜವಾಗಿ ಕೆಲಸಕ್ಕೆ ಬಂತು ಎಂಬ ಅಳತೆ) ಮನೆಯ ಬಿಲ್ಲಿನಲ್ಲಿ ಲೆಕ್ಕವೇ ಇಲ್ಲ, ನಾವು ಕಟ್ಟುವುದು ಯೂನಿಟ್‌ಗೆ. ಆ ಹಸಿರು ದೀಪ ಉರಿಯುವುದೂ ನಿಮ್ಮ ಕರೆಂಟಿನಲ್ಲಿಯೇ.

5. ಮತ್ತೆ ಎಣಿಸಿ

ಏನೇ ಬದಲಿಸಿದರೂ ಅದೇ ವಾರ ಎರಡನೇ ಹಂತವನ್ನು ಮತ್ತೊಮ್ಮೆ ಮಾಡಿ, ತಾರೀಕಿನೊಂದಿಗೆ ಸೆಕೆಂಡುಗಳನ್ನು ಮೀಟರ್ ಪೆಟ್ಟಿಗೆಯ ಬಾಗಿಲ ಒಳಬದಿಯಲ್ಲಿ ಪೆನ್ಸಿಲ್ಲಿನಿಂದ ಬರೆಯಿರಿ. ಅಕ್ಕನ ಮನೆಯ ಬಾಗಿಲಲ್ಲಿ 15ರ ಕೆಳಗೆ ಈಗ 70 ಎಂದಿದೆ.