ಓಟಿಟಿ ಇದ್ದರೂ ನಮ್ಮ ವಾಚನಾಲಯದಲ್ಲಿ ಡಿಸ್ಕ್ ಕಪಾಟು

2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಗದಗ-ಬೆಟಗೇರಿಯಲ್ಲಿ ಸಿನಿಮಾ ಸಿಡಿಗಳನ್ನು ಬಾಡಿಗೆಗೆ ಕೊಡುತ್ತಿದ್ದ ಅಂಗಡಿಗಳಿಗೆ ಗಿರಾಕಿಗಳೇ ಇಲ್ಲವಾದರು. ಅಂಥದೊಂದು ಅಂಗಡಿ ಮುಚ್ಚುವಾಗ ಮಾಲೀಕರು ಉಳಿದ ಸರಕನ್ನು ಗುಜರಿಗೆ ಹಾಕಲು ಹೊರಟಿದ್ದರು. ಅದರಲ್ಲಿ ಆರಿಸಿದ್ದನ್ನು ಕೊಂಡು ಬೆಟಗೇರಿಯ ನಮ್ಮ ಓಣಿಯ ವಾಚನಾಲಯಕ್ಕೆ ತಂದೆ. ಇಂದಿಗೂ ಪುಸ್ತಕದಂತೆ ರಿಜಿಸ್ಟರಿನಲ್ಲಿ ಬರೆದುಕೊಂಡು ಡಿಸ್ಕ್ ಮನೆಗೆ ಕೊಡುತ್ತೇವೆ, ಹಣ ತೆಗೆದುಕೊಳ್ಳುವುದಿಲ್ಲ.

ಆರಿಸುವಾಗ ಮೊದಲು ನೋಡಿದ್ದು ಡಿಸ್ಕಿನ ಕೆಳಮೈ. ಕಾರ್ಖಾನೆಯಲ್ಲಿ ಅಚ್ಚಾದದ್ದು ಬೆಳ್ಳಿಯಂತೆ ಹೊಳೆಯುತ್ತದೆ. ಮನೆಯಲ್ಲಿ ಬರೆದ ನಕಲಿಗೆ ಹಸಿರು, ನೀಲಿ ಅಥವಾ ನೇರಳೆ ಛಾಯೆ ಇರುತ್ತದೆ. ನಕಲುಗಳನ್ನು ಮುಟ್ಟಲೇ ಇಲ್ಲ. ಸಿನಿಮಾ ಪ್ರತಿಯನ್ನು ವಾಣಿಜ್ಯ ಬಾಡಿಗೆಗೆ ಕೊಡುವ ಹಕ್ಕು ಹಕ್ಕುಸ್ವಾಮ್ಯ ಹೊಂದಿದವರದು. ಲಾಭದ ಉದ್ದೇಶವಿಲ್ಲದ ಗ್ರಂಥಾಲಯ ನ್ಯಾಯವಾಗಿ ಪಡೆದ ಪ್ರತಿಯನ್ನು ಎರವಲು ಕೊಟ್ಟರೆ ಅದು ವಾಣಿಜ್ಯ ಬಾಡಿಗೆಯಲ್ಲ ಎಂದು ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಹೇಳುತ್ತದೆ. ನಾವು ಹಣ ಮುಟ್ಟದಿರುವುದು ಅದಕ್ಕೇ.

ಎರಡನೆಯ ಪರೀಕ್ಷೆ ಗೀರುಗಳದು. ಸಿಡಿಯ ಕೆಳಮೈಯಲ್ಲಿ ಗೀರಿದ್ದರೆ ಎಲ್ಲರೂ ಬೇಡವೆನ್ನುತ್ತಾರೆ, ಆದರೆ ಅಲ್ಲಿ ಪ್ಲಾಸ್ಟಿಕ್ ದಪ್ಪಗಿದೆ, ಸಣ್ಣ ಗೀರನ್ನು ಪಾಲಿಶ್ ಮಾಡಿ ಸರಿಪಡಿಸಬಹುದು. ಚಿತ್ರ ಅಚ್ಚಾಗಿರುವ ಮೇಲ್ಮೈಯೇ ನಾಜೂಕು. ಲೋಹದ ಪದರ ಆ ಬಣ್ಣದ ಕೆಳಗೇ ಇರುವುದರಿಂದ ಅಲ್ಲಿ ಗೀರು ಆಳಕ್ಕಿಳಿದರೆ ಮಾಹಿತಿಯೇ ಹೋದಂತೆ. ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟು ತೂತುಗಳು ಕಂಡವನ್ನು ಪಕ್ಕಕ್ಕಿಟ್ಟೆ. ಒರೆಸುವಾಗ ಮೆತ್ತನೆಯ ಬಟ್ಟೆಯನ್ನು ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಎಳೆಯಬೇಕು. ಸುತ್ತ ತಿರುಗಿಸಿ ಒರೆಸಿದರೆ ಬೀಳುವ ಗೀರು ಮಾಹಿತಿಯ ಹಾದಿಯ ಗುಂಟವೇ ಸಾಗುತ್ತದೆ. ಅಷ್ಟು ಉದ್ದದ ನಷ್ಟವನ್ನು ಪ್ಲೇಯರ್ ತುಂಬಿಕೊಳ್ಳಲಾರದು. ಡಿಸ್ಕ್ ಒಯ್ಯುವ ಪ್ರತಿಯೊಬ್ಬರಿಗೂ ಇದನ್ನು ಮಾಡಿ ತೋರಿಸುತ್ತೇನೆ.

ಚಿತ್ರದ ಗುಣಮಟ್ಟದಲ್ಲಿ ವಿಸಿಡಿ, ಅಂದರೆ ಸಿನಿಮಾ ಸಿಡಿ, ಓಟಿಟಿಗೆ ಸರಿಸಾಟಿಯಲ್ಲ. 352×288 ಚುಕ್ಕಿಗಳ ಚಿತ್ರ ಇಂದಿನ ದೊಡ್ಡ ಟಿವಿಯಲ್ಲಿ ಮಸುಕಾಗಿಯೇ ಕಾಣುತ್ತದೆ. ಒಂದು ಡಿಸ್ಕಿನಲ್ಲಿ ಹಿಡಿಯುವುದು ಸುಮಾರು 74 ನಿಮಿಷ, ಹೀಗಾಗಿ ಎರಡೂವರೆ ತಾಸಿನ ಸಿನಿಮಾಕ್ಕೆ ಎದ್ದು ಹೋಗಿ ಡಿಸ್ಕ್ ಬದಲಿಸಲೇಬೇಕು. ಡಿವಿಡಿ ಎಷ್ಟೋ ವಾಸಿ. ಹೊಸ ಸಿನಿಮಾ ಬೇಕೆಂದು ಬಂದವರಿಗೆ ಓಟಿಟಿಯಲ್ಲೇ ನೋಡಿ ಎನ್ನುತ್ತೇನೆ. ನಮ್ಮ ಮನೆಯಲ್ಲೂ ಹಾಗೆಯೇ ನೋಡುತ್ತೇವೆ.

ಆದರೆ ಹಳೆಯ ಕನ್ನಡ ಸಿನಿಮಾಗಳ ಮಾತು ಬೇರೆ. ನಮ್ಮ ಓಣಿಯ ನೇಕಾರ ಕಾಕಾ ಒಬ್ಬರು ಮಗನ ಮೊಬೈಲ್ ಹಿಡಿದುಕೊಂಡು ಬಂದು, "ತಮ್ಮಾ, ಹೋದ ತಿಂಗಳು ಇದರಲ್ಲೇ ಅರ್ಧ ನೋಡಿದ್ದೆ, ಈಗ ಹುಡುಕಿದರೆ ಸಿಗುತ್ತಿಲ್ಲ" ಎಂದರು. ಪ್ರಸಾರದ ಹಕ್ಕನ್ನು ಓಟಿಟಿಗಳು ಬಹುಮಟ್ಟಿಗೆ ಇಂತಿಷ್ಟು ಕಾಲಕ್ಕೆಂದು ಕೊಂಡಿರುತ್ತವೆ, ಅವಧಿ ಮುಗಿದರೆ ತೆಗೆಯುತ್ತವೆ. ಚಂದಾ ಕಟ್ಟಿದವರನ್ನು ಯಾರೂ ಕೇಳುವುದಿಲ್ಲ. ಕಾಕಾ ಕೇಳಿದ ಸಿನಿಮಾ ನಮ್ಮ ಕಪಾಟಿನಲ್ಲಿತ್ತು. ಅವರು ಅದನ್ನು ಒಯ್ದು, ತಂದು ಕೊಟ್ಟು, ಮತ್ತೆ ಒಯ್ದರು. ಮತ್ತೆ ಮತ್ತೆ ನೋಡುವ ಸಿನಿಮಾ ಕೈಯಲ್ಲೇ ಇರಬೇಕು ಎಂದು ನಾನು ಹಟ ಹಿಡಿಯುವುದು ಇಂಥವರಿಗಾಗಿ.

ಈಗಿನ ಚಿಂತೆ ಡಿಸ್ಕಿನದಲ್ಲ, ಪ್ಲೇಯರಿನದು. ಅಂಚೆಯಲ್ಲಿ ಡಿವಿಡಿ ಕಳಿಸುತ್ತಲೇ ಬೆಳೆದ ನೆಟ್‌ಫ್ಲಿಕ್ಸ್ ಕೂಡ 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಆ ಸೇವೆ ನಿಲ್ಲಿಸಿತು. ಕೊಳ್ಳುವವರಿಲ್ಲದೆ ಪ್ಲೇಯರ್‌ಗಳೂ ವಿರಳವಾಗುತ್ತಿವೆ. ಹಳೆಯ ಪ್ಲೇಯರಿನ ಕೆಂಪು, ಬಿಳಿ, ಹಳದಿ ವೈರುಗಳಿಗೆ ಹೊಸ ಟಿವಿಗಳಲ್ಲಿ ಎಷ್ಟೋ ಸಲ ಜಾಗವೇ ಇರುವುದಿಲ್ಲ. ನಡುವೆ ಒಂದು ಸಣ್ಣ ಎಚ್‌ಡಿಎಂಐ ಕನ್ವರ್ಟರ್ ಹಾಕಿದರೆ ಕೆಲಸ ನಡೆಯುತ್ತದೆ. ಅದನ್ನೂ ವಾಚನಾಲಯದಲ್ಲಿ ತಂದಿಟ್ಟಿದ್ದೇನೆ, ಡಿಸ್ಕಿನ ಜೊತೆಗೇ ಎರವಲು ಕೊಡುತ್ತೇನೆ. ಯಾರ ಮನೆಯಲ್ಲಾದರೂ ನಡೆಯುವ ಪ್ಲೇಯರ್ ಸುಮ್ಮನೆ ಬಿದ್ದಿದ್ದರೆ ರಿಮೋಟ್ ಸಮೇತ ತಂದು ಕೊಡಿ. ರಿಮೋಟ್ ಇಲ್ಲದಿದ್ದರೆ ಕೆಲವು ಪ್ಲೇಯರ್‌ಗಳಲ್ಲಿ ಡಿವಿಡಿಯ ಮೆನು ದಾಟಿ ಮುಂದೆ ಹೋಗಲಾಗುವುದಿಲ್ಲ.