ಶೀಟಿನ ಮೇಲೆ ಮಳೆ ಬೀಳುವಾಗ ಇಂಗ್ಲಿಷ್ ಪಾಠ

ನಾನು ಮಂಡ್ಯ ಕಡೆಯವನು. ನಾಪೋಕ್ಲು ಹತ್ತಿರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಎಂಟು, ಒಂಬತ್ತನೇ ತರಗತಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಇಲ್ಲಿಗೆ ಬಂದ ಮೊದಲ ಜುಲೈಯಲ್ಲಿ ಪಾಠ ಮಾಡಲು ಆಗದೆ ಕೈಚೆಲ್ಲಿ ಕೂತಿದ್ದೆ. ಶೀಟಿನ ಮಾಡು, ಮೇಲೆ ಕೊಡಗಿನ ಮಳೆ. ಮೊದಲನೇ ಬೆಂಚಿನವರಿಗೇ ನನ್ನ ಮಾತು ಕೇಳಿಸುತ್ತಿರಲಿಲ್ಲ, ಇನ್ನು ಉಚ್ಚಾರಣೆ ಕಲಿಸುವುದು ಹೇಗೆ?

ಒಂದು ದಿನ ಸುಮ್ನೆ ಬಾಯಿ ಆಡಿಸಿ ತೋರಿಸಿದೆ. ಬೋರ್ಡಿನ ಮೇಲೆ ‘ವೆಸ್ಟ್’ ಅನ್ನುವ ಎರಡು ಪದ ಬರೆದೆ. ಒಂದು ವಿ ಅಕ್ಷರದ್ದು, ಒಳ ಅಂಗಿ. ಇನ್ನೊಂದು ಡಬ್ಲ್ಯು ಅಕ್ಷರದ್ದು, ಪಶ್ಚಿಮ. ಕನ್ನಡದಲ್ಲಿ ಎರಡಕ್ಕೂ ಒಂದೇ ವ. ವಿ ಹೇಳುವಾಗ ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಬೇಕು, ಡಬ್ಲ್ಯು ಹೇಳುವಾಗ ಹಲ್ಲು ಕಾಣಲೇಬಾರದು, ತುಟಿ ಶಿಳ್ಳೆ ಹಾಕುವ ಹಾಗೆ ದುಂಡಗಾಗಬೇಕು. ನಾನು ಹೇಳಿದ್ದು ಯಾವುದು ಅಂತ ಮಕ್ಕಳು ತುಟಿ ನೋಡಿಯೇ ಬೆರಳಲ್ಲಿ ತೋರಿಸತೊಡಗಿದರು. ಆಮೇಲೆ ಇಬ್ಬಿಬ್ಬರು ಎದುರುಬದುರು ಕೂತು ಅದನ್ನೇ ಆಡಿದರು. ಅರ್ಧ ಗಂಟೆ ಯಾರೂ ಯಾರ ದನಿಯನ್ನೂ ಕೇಳಲಿಲ್ಲ, ಆದರೆ ಮಳೆ ನಿಂತ ಮೇಲೆ ಹೇಳಿಸಿದರೆ ಸುಮಾರು ಮಕ್ಕಳಿಗೆ ಬಂತು!

ಅಲ್ಲಿಂದ ನಾನು ಕಣ್ಣು ಮತ್ತು ಕೈ ಹಿಡಿದುಕೊಂಡೆ. ಇಂಗ್ಲಿಷಿನ ಭೂತಕಾಲದಲ್ಲಿ ಕ್ರಿಯಾಪದದ ಕೊನೆಗೆ ಸೇರುವ ಇಡಿ (ed) ಇದೆಯಲ್ಲ, ನಮ್ಮ ಮಕ್ಕಳು ‘ವಾಕೆಡ್’, ‘ಪಿಕ್ಕೆಡ್’ ಅಂತಲೇ ಓದುತ್ತಾರೆ. ಇದಕ್ಕೆ ನಮ್ಮ ವರ್ಣಮಾಲೆ ಎಷ್ಟು ಒಳ್ಳೆಯ ಸಾಧನ ಅಂತ ಆಗ ಗೊತ್ತಾಯಿತು. ಗಂಟಲ ಮೇಲೆ ಕೈ ಇಟ್ಟು ಕ, ಗ ಹೇಳಿ ನೋಡಿ ಅಂದೆ. ಅದಕ್ಕೆ ಅ ಸೇರಿದರೆ ಎರಡರಲ್ಲೂ ಗಂಟಲು ನಡುಗುತ್ತದೆ, ಹಾಗಾಗಿ ಅ ಬಿಟ್ಟು ಬರೀ ಕ್, ಗ್ ಹೇಳಿಸಬೇಕು. ಇನ್ನೂ ಚೆನ್ನಾಗಿ ಗೊತ್ತಾಗಬೇಕಾದರೆ ಹಾವಿನ ಹಾಗೆ ಸ್ಸ್ಸ್ ಅನ್ನಿ, ಆಮೇಲೆ ಜೇನುಹುಳದ ಹಾಗೆ ಗುಂಯ್‌ಗುಡುತ್ತಾ ಝ್ಝ್ಝ್ ಅನ್ನಿ. ಒಂದರಲ್ಲಿ ಗಂಟಲು ಸುಮ್ಮನಿರುತ್ತದೆ, ಇನ್ನೊಂದರಲ್ಲಿ ಝುಮ್ಮನ್ನುತ್ತದೆ. ಕ್ರಿಯಾಪದದ ಕೊನೆಯಲ್ಲಿ ಗಂಟಲು ಸುಮ್ಮನಿದ್ದರೆ ಇಡಿ ಟ್ ಆಗುತ್ತದೆ, ಪಿಕ್ಟ್, ವಾಶ್ಟ್. ನಡುಗಿದರೆ ಡ್, ರೇನ್ಡ್, ಪ್ಲೇಡ್. ಟಿ ಅಥವಾ ಡಿ ಸದ್ದಲ್ಲೇ ಮುಗಿದರೆ ಮಾತ್ರ ಇಡ್, ವಾಂಟಿಡ್. ನಿಯಮ ಇಷ್ಟೇ, ಆದರೆ ಬಾಯಿಪಾಠ ಮಾಡಿಸಿದಾಗ ನಿಲ್ಲದೇ ಇದ್ದದ್ದು ಕೈ ಗಂಟಲಿಗೆ ಹೋದ ಮೇಲೆ ನಿಂತಿತು.

ಒಂದು ತಪ್ಪು ಹೇಳಲೇಬೇಕು. ಮೊದಲ ವರ್ಷ ನಾನು ಎಲ್ಲರನ್ನೂ ಅಲ್ಲಲ್ಲೇ ತಿದ್ದುತ್ತಿದ್ದೆ. ‘ಇಸ್ಕೂಲ್’ ಅಂದ ಹುಡುಗಿಯೊಬ್ಬಳನ್ನು ನಿಲ್ಲಿಸಿ ಐದು ಸಲ ಹೇಳಿಸಿದೆ. ಅವಳು ದೀಪಾವಳಿ ಕಳೆಯುವವರೆಗೆ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಅವಳದು ತೋಟದ ಕೆಲಸಗಾರರ ಲೈನ್ ಮನೆಯ ಕುಟುಂಬ, ಮನೆಯಲ್ಲಿ ಯರವ ಬುಡಕಟ್ಟಿನ ಭಾಷೆ, ಕನ್ನಡವೇ ಅವಳಿಗೆ ಎರಡನೇ ಭಾಷೆ. ಅದು ನನಗೆ ಇವತ್ತಿಗೂ ನೋವಿನ ವಿಷಯ. ಆಮೇಲೆ ಒಬ್ಬರನ್ನೇ ನಿಲ್ಲಿಸಿ ತಿದ್ದುವುದನ್ನು ಬಿಟ್ಟೆ.

ಮಕ್ಕಳ ಮನೆಮಾತು ಏನೇನು ಅಂತ ನಾನು ಕೇಳುವ ಹಾಗಾದದ್ದೂ ಅವಳಿಂದಲೇ. ಒಂದು ತರಗತಿಯಲ್ಲಿ ಕೊಡವ ತಕ್ಕ್ (ಕೊಡವರ ಭಾಷೆ), ಅರೆಭಾಷೆ, ಮಲಯಾಳ, ತುಳು, ಯರವ, ತಮಿಳು! ಇದು ತೊಂದರೆ ಅಂದುಕೊಂಡಿದ್ದೆ, ಆದರೆ ನನಗೇ ಸರಿಯಾಗಿ ಬಾರದ ಸದ್ದುಗಳು ಆ ಬೆಂಚುಗಳಲ್ಲಿ ಕೂತಿದ್ದವು. ಇಂಗ್ಲಿಷಿನ ಟಿ ನಮ್ಮ ತ ಕೂಡ ಅಲ್ಲ, ಟ ಕೂಡ ಅಲ್ಲ, ನಾಲಿಗೆ ತುದಿ ಮೇಲಿನ ಹಲ್ಲಿನ ಹಿಂದೆ ಇರುವ ಒಸಡಿನ ದಿಬ್ಬಕ್ಕೆ ತಾಗಬೇಕು. ಮಲಯಾಳ ಮಾತಾಡುವ ಹುಡುಗನಿಗೆ ನಿಮ್ಮಲ್ಲಿ ಗಾಳಿಗೆ ಏನಂತೀರಿ ಅಂತ ಕೇಳಿ, ಆ ಪದದೊಳಗೆ ಅದೇ ಸದ್ದು ಇದೆ. ಅವನು ಹೇಳಿದ, ತರಗತಿಯೆಲ್ಲ ಅವನ ಬಾಯಿ ನೋಡಿತು, ನಾನೂ ನೋಡಿದೆ. ಬರ್ಡ್, ಗರ್ಲ್, ವರ್ಕ್ ಪದಗಳಲ್ಲಿನ ಸ್ವರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ, ಕೊಡವ ತಕ್ಕಿನಲ್ಲಿ ಅದಕ್ಕೆ ತುಂಬಾ ಹತ್ತಿರದ ಸ್ವರ ಇದೆ. (ಭಾಷಾವಿಜ್ಞಾನಿ ಎಮಿನೋ 1970ರಲ್ಲೇ ಕೊಡವ ಸ್ವರಗಳ ಬಗ್ಗೆ ಲೇಖನ ಬರೆದಿದ್ದಾರೆ ಅಂತ ನನಗೆ ಬಹಳ ತಡವಾಗಿ ಗೊತ್ತಾಯಿತು.) ಕೊಡವ ಮನೆಮಾತಿನ ಹುಡುಗಿಯರು ಆ ಸ್ವರವನ್ನು ಉಳಿದವರಿಗೆ ಕಲಿಸಿದರು. ಪದದ ಯಾವ ಭಾಗವನ್ನು ಒತ್ತಿ ಹೇಳಬೇಕು ಅನ್ನುವುದಕ್ಕೆ ದುಡಿ ಅನ್ನುವ ಕೊಡವರ ಪುಟ್ಟ ವಾದ್ಯ ಸಹಾಯಕ್ಕೆ ಬಂತು. ಪುತ್ತರಿ ಸುಗ್ಗಿ ಹಬ್ಬದಲ್ಲಿ ಅಜ್ಜನ ಜೊತೆ ದುಡಿ ಕೊಟ್ಟ್ ಪಾಟ್‌ಗೆ (ದುಡಿ ಬಾರಿಸುತ್ತಾ ಹಾಡುವ ಹಾಡಿಗೆ) ಕೂರುವ ಹುಡುಗನೊಬ್ಬ ಡೆಸ್ಕಿನ ಮೇಲೆ ಬಾರಿಸಿ ತೋರಿಸಿದ. ‘ಫೋಟೋಗ್ರಾಫ್’ನಲ್ಲಿ ಮೊದಲ ಪೆಟ್ಟು ಜೋರು, ‘ಫೋಟೋಗ್ರಾಫರ್’ನಲ್ಲಿ ಎರಡನೆಯದು ಜೋರು.

ಪದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದನ್ನೂ ನಿಲ್ಲಿಸಿದೆ. ಮನೆಯಲ್ಲಿ, ಕಾಫಿ ತೋಟದಲ್ಲಿ ದಿನಾ ಕೇಳುವ ಇಂಗ್ಲಿಷ್ ಪದ ತನ್ನಿ ಅಂದೆ. ಪಲ್ಪರ್, ಬ್ಲಾಸಂ, ಶೇಡ್, ಚೆರಿ, ಬೋರರ್, ಸ್ಪ್ರಿಂಕ್ಲರ್, ರೈಟರ್ ಅಂತ ಒಂದೇ ವಾರದಲ್ಲಿ ಗೋಡೆ ತುಂಬಿತು. ಪದ ಗೊತ್ತು, ಆದರೆ ತೋಟದ ಅರ್ಥ ಮಾತ್ರ ಗೊತ್ತು. ರೈಟರ್ ಅಂದರೆ ಅವರಿಗೆ ತೋಟದ ಲೆಕ್ಕ ಬರೆಯುವವರು, ಕಥೆ ಬರೆಯುವವರೂ ರೈಟರ್ ಅಂದಾಗ ಆಶ್ಚರ್ಯಪಟ್ಟರು. ಕಾಫಿ ಗಿಡ ಕೊರೆಯುವ ಬೋರರ್ ಮತ್ತು ಬೋರ್‌ವೆಲ್‌ನ ಬೋರ್ ಒಂದೇ ಅಂತ ಗೊತ್ತಾದ ದಿನ ಹಿಂದಿನ ಬೆಂಚಿನವನೊಬ್ಬ ತಾನಾಗಿ ಒಂದು ವಾಕ್ಯ ಬರೆದುಕೊಂಡು ಬಂದ. ಗೊತ್ತಿರುವ ಪದದಿಂದ ಹೊರಟರೆ ಮಕ್ಕಳಿಗೆ ಧೈರ್ಯ ಜಾಸ್ತಿ.

ಇನ್ನು ಬರವಣಿಗೆ. ರಜಾ ಅರ್ಜಿಯನ್ನು ಎಲ್ಲರೂ ಅಕ್ಷರ ತಪ್ಪದೆ ಬರೆಯುತ್ತಿದ್ದರು, ಜ್ವರ ಬಿಟ್ಟು ಬೇರೆ ಕಾರಣ ಬರೆಯಿರಿ ಅಂದರೆ ಪೆನ್ನು ನಿಲ್ಲುತ್ತಿತ್ತು. ಆಗ ಮಳೆ ಪುಸ್ತಕ ಶುರು ಮಾಡಿದೆ. ಇಲ್ಲಿ ತೋಟದ ಮನೆಗಳಲ್ಲಿ ಬೆಳಗಾದರೆ ಮಳೆ ಅಳೆಯುವುದು ರೂಢಿ, ಅದೂ ಇಂಚು ಸೆಂಟಿನ ಲೆಕ್ಕದಲ್ಲಿ, ನೂರು ಸೆಂಟ್ ಅಂದರೆ ಒಂದು ಇಂಚು. ದಿನಾ ಮೂರೇ ವಾಕ್ಯ: ನಿನ್ನೆ ಎಷ್ಟು ಮಳೆ ಬಂತು, ಏನು ನೋಡಿದೆ, ಏನು ಮಾಡಿದೆ. ಭೂತಕಾಲ ತಾನಾಗಿ ಬರುತ್ತದೆ. ಕೆಂಪು ಶಾಯಿ ಹಾಕುವುದಿಲ್ಲ, ವಾರಕ್ಕೆ ಒಂದೇ ವಿಷಯ ತಿದ್ದುತ್ತೇನೆ, ಒಂದು ವಾರ ಇಡಿ ಆದರೆ ಇನ್ನೊಂದು ವಾರ ಪೂರ್ಣವಿರಾಮ. ನೋಟ್ಸ್ ಎಲ್ಲಿ ಅಂತ ಭೇಟಿಗೆ ಬಂದವರೊಬ್ಬರು ಕೇಳಿದ್ದರು. ಈ ಪುಸ್ತಕಗಳನ್ನೇ ಕೊಟ್ಟೆ.

ನನಗೆ ತುಂಬಾ ಕಷ್ಟವಾಗಿದ್ದು ಎ ಮತ್ತು ದಿ. ಕನ್ನಡದಲ್ಲಿ ಅವುಗಳ ಕೆಲಸವೇ ಬೇರೆ ಥರ ನಡೆಯುತ್ತದೆ, ಹಾಗಾಗಿ ಮಕ್ಕಳು ಎರಡನ್ನೂ ಬಿಟ್ಟುಬಿಡುತ್ತಾರೆ. ಒಂದು ಆಗಸ್ಟ್‌ನಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಮೂರು ವಾಕ್ಯ ಬಿಟ್ಟು ಒಂದು ಪುಟ ಬರೆದಿದ್ದಳು. 2018ರ ಮಳೆಯ ನೆನಪು, ಆಗ ಅವಳು ಇನ್ನೂ ಚಿಕ್ಕವಳು. ಬರೆ (ಗುಡ್ಡದ ಇಳಿಜಾರು) ಕುಸಿಯಿತು ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನು ಅಂತ ನನ್ನನ್ನು ಕೇಳಿದ್ದಳು, ನಾನು ‘ಲ್ಯಾಂಡ್‌ಸ್ಲೈಡ್’ ಅಂದಿದ್ದೆ. ಅವಳಿಗೆ ಅದು ಹಿಡಿಸಲಿಲ್ಲ. ‘ಹಿಲ್ ಕೇಮ್ ಡೌನ್’ ಅಂತ ಬರೆದಿದ್ದಳು. ಯಾವ ಹಿಲ್ ಅಂತ ಕೇಳಿದೆ. ‘ನಮ್ಮ ಮನೆ ಹಿಂದಿನದು ಸಾರ್, ನಾವು ದಿನಾ ಹತ್ತುತ್ತಿದ್ದದ್ದು’ ಅಂದಳು. ಹಾಗಾದರೆ ಅದು ಯಾವುದೋ ಒಂದು ಬೆಟ್ಟ ಅಲ್ಲ ಅಲ್ವಾ, ನಿನಗೆ ಗೊತ್ತಿರುವ ಆ ಬೆಟ್ಟ, ಅದಕ್ಕೇ ಇಂಗ್ಲಿಷಿನವರು ದಿ ಹಾಕುವುದು ಅಂದೆ. ಅವಳು ಪೆನ್ನು ತೆಗೆದು ಹಿಲ್‌ಗೆ ಮೊದಲು ಸಣ್ಣದಾಗಿ ದಿ ಸೇರಿಸಿದಳು. ಆಮೇಲೆ ಸ್ವಲ್ಪ ಯೋಚಿಸಿ, ಅದನ್ನು ಹೊಡೆದು ಹಾಕಿ ‘ಅವರ್’ ಅಂತ ಬರೆದಳು.